ರಿಹಾನ್, ನಾಯಕ, ಚೇಲ: ಶಿರಾ ಸೀಮೆಯ ಮೂರು ಹೆಸರುಗಳನ್ನು ಓದುವ ಬಗೆ

ಶಿರಾ ಪಟ್ಟಣದ ಮಲಿಕ್ ರಿಹಾನ್ ದರ್ಗಾ ನಮ್ಮ ತುಮಕೂರು ಜಿಲ್ಲೆಯಲ್ಲಿ ಉಳಿದಿರುವ ಆದಿಲಶಾಹಿ ಕಾಲದ ಮುಖ್ಯ ಕಟ್ಟಡ. ಕಾಲ ಕ್ರಿ.ಶ. 1651. ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕ. ಮಲಿಕ್ ರಿಹಾನ್ ಯಾರು ಅಂತ ಗೆಜೆಟಿಯರ್ ತೆಗೆದು ನೋಡಿದರೆ ಸಿಗೋದು ಒಂದೆರಡು ಸಾಲು ಅಷ್ಟೇ: ಬಿಜಾಪುರದ ಕಡೆಯಿಂದ ಶಿರಾ ಸೀಮೆಗೆ ಸುಬೇದಾರನಾಗಿದ್ದ, ಇಲ್ಲಿ ಅವನ ಗೋರಿ ಇದೆ. ದರ್ಗಾಕ್ಕೆ ಹರಕೆ ಹೊತ್ತು ಬರುವವರಿಗೆ ಅಷ್ಟೂ ಬೇಕಿಲ್ಲ. ಒಮ್ಮೆ ಅಲ್ಲಿ ನೆರಳಿಗೆ ಕೂತಿದ್ದ ಹಿರಿಯರೊಬ್ಬರನ್ನು ಕೇಳಿದೆ. "ಸುಬೇದಾರ್ರೋ ಏನೋ ನಮಗೊತ್ತಿಲ್ಲ ಸಾಮಿ, ನಮ್ಗೆ ಅವ್ರು ಹಜ್ರತ್ರು. ನಮ್ಮೋರು ನಿಮ್ಮೋರು ಎಲ್ಲಾ ಬತ್ತಾರೆ" ಅಂದರು.

ಸುಬೇದಾರ ಎಂಬುದು ಹುದ್ದೆ, ಹಜ್ರತ್ ಎಂಬುದು ಜನ ಕೊಟ್ಟ ಗೌರವ. ಈ ಎರಡಕ್ಕೂ ಮೊದಲು ಅವನಿಗಿದ್ದ ಹೆಸರು ರಿಹಾನ್. ಆ ಹೆಸರನ್ನು ಒಂದು ಶಾಸನಪದದ ಹಾಗೆ ಓದಿದರೆ ಎಷ್ಟು ದೂರ ಹೋಗಬಹುದು, ಎಲ್ಲಿ ನಿಲ್ಲಬೇಕು ಅನ್ನೋದು ಈ ಲೇಖನದ ವಿಷಯ. ಜೊತೆಗೆ ಅದೇ ಶಿರಾವನ್ನು ಕಟ್ಟಿದ ಬೇಡ ನಾಯಕರ ಹೆಸರನ್ನೂ, ಮುಂದೆ ಕಾವೇರಿಯ ನಡುವಿನ ಶ್ರೀರಂಗಪಟ್ಟಣಕ್ಕೆ ಸಾಗಿಸಲ್ಪಟ್ಟ ಬೇಡರ ಮಕ್ಕಳಿಗೆ ಬಿದ್ದ ಹೆಸರನ್ನೂ ಓದುತ್ತೇನೆ. ಆಫ್ರಿಕಾ ಮೂಲದವರು ಮತ್ತು ಈ ನೆಲದ ಮೂಲದವರು, ಇಬ್ಬರ ಚರಿತ್ರೆಯನ್ನೂ ನಾವು ಬೇರೆಯವರು ಬರೆಸಿದ ಕಲ್ಲು ಕಾಗದಗಳಿಂದಲೇ ಹೆಕ್ಕಬೇಕು. ಅದಕ್ಕೇ ಇಬ್ಬರನ್ನೂ ಒಟ್ಟಿಗೆ ಇಟ್ಟು ನೋಡುತ್ತಿದ್ದೇನೆ.

ನನ್ನ ಊರಿನಿಂದಲೇ ಒಂದು ಉದಾಹರಣೆ ಕೊಡ್ತೀನಿ. ನಮ್ಮ ಪಾವಗಡ ತಾಲ್ಲೂಕಿನ ವೈ.ಎನ್.ಹೊಸಕೋಟೆ ರೇಷ್ಮೆ ಸೀರೆಗೆ ಹೆಸರಾದ ಊರು. ಬಸ್ಸಿನ ಬೋರ್ಡಿನಲ್ಲಿ, ಅಂಚೆ ಮುದ್ರೆಯಲ್ಲಿ, ನನ್ನ ಅಂಕಪಟ್ಟಿಯಲ್ಲಿ ಎಲ್ಲೆಲ್ಲೂ 'ವೈ.ಎನ್.' ಅಂತಲೇ ಇರೋದು. ಬಿಡಿಸಿ ಹೇಳಿದರೆ ಒಬ್ಬ ನಾಯಕನ ಹೆಸರಿನ ಹೊಸಕೋಟೆ. ಊರಿಗೆ ಹೆಸರು ಕೊಟ್ಟ ನಾಯಕ ಎರಡು ಇಂಗ್ಲಿಷ್ ಅಕ್ಷರವಾಗಿ ಉಳಿದಿದ್ದಾನೆ. ಯಾರೂ ಬೇಕಂತ ಅಳಿಸಿದ್ದಲ್ಲ. ಬರೆಯುವವರಿಗೆ ಅನುಕೂಲವಾದ ಹಾಗೆ ಹೆಸರು ಚಿಕ್ಕದಾಯಿತು. ದಾಖಲೆಗಳಲ್ಲಿ ಹೆಸರುಗಳಿಗೆ ಆಗುವುದು ಬಹುಪಾಲು ಇದೇ.

ರಿಹಾನ್ ಎಂದರೆ ಕಾಮಕಸ್ತೂರಿ

ಅರಬ್ಬಿಯ ರೈಹಾನ್, ನಮ್ಮ ಬಾಯಲ್ಲಿ ರಿಹಾನ್, ಒಂದು ಸುವಾಸನೆಯ ಗಿಡ. ತುಳಸಿಯ ಜಾತಿಯದು, ನಾವು ಕಾಮಕಸ್ತೂರಿ ಅನ್ನೋದು ಇದನ್ನೇ. ಇವತ್ತು ರೆಹಾನ್ ಅನ್ನೋದು ಯಾರ ಮನೆಯ ಮಗುವಿಗಾದರೂ ಇಡುವ ಹೆಸರು. ಆದರೆ ಹದಿನಾರು, ಹದಿನೇಳನೇ ಶತಮಾನದ ದಖ್ಖನಿನಲ್ಲಿ 'ಮಲಿಕ್' ಎಂಬ ಬಿರುದಿನ ಪಕ್ಕದಲ್ಲಿ ಬರುವ ಹೆಸರುಗಳನ್ನು ಒಂದು ಹಾಳೆಯಲ್ಲಿ ಸಾಲಾಗಿ ಬರೆದು ನೋಡಿ. ಅಂಬರ್, ಅಂದರೆ ಸಮುದ್ರದಲ್ಲಿ ಸಿಗುವ ಸುಗಂಧದ್ರವ್ಯ. ಸಂದಲ್, ಅಂದರೆ ಶ್ರೀಗಂಧ. ಯಾಕೂತ್, ಅಂದರೆ ಮಾಣಿಕ್ಯ. ರೈಹಾನ್, ಕಾಮಕಸ್ತೂರಿ. ಇನ್ನೂ ಹಿಂದಕ್ಕೆ ಹೋದರೆ ಕಾಫೂರ್, ಅಂದರೆ ಕರ್ಪೂರ.

ಈ ಹೆಸರುಗಳಲ್ಲಿ ಅಪ್ಪನ ಹೆಸರಿಲ್ಲ, ಮನೆತನವಿಲ್ಲ, ಊರು ಅಪರೂಪ. ಇದು ಪೇಟೆಯಲ್ಲಿ ಕೊಂಡು ತಂದ ಬೆಲೆಬಾಳುವ ವಸ್ತುಗಳ ಪಟ್ಟಿಯ ಹಾಗೆ ಕಾಣುತ್ತೆ. ಇಸ್ಲಾಮಿ ರಾಜ್ಯಗಳಲ್ಲಿ ಗುಲಾಮರಿಗೆ ಸುಗಂಧದ, ರತ್ನದ ಹೆಸರಿಡುವ ರೂಢಿ ಬಲವಾಗಿತ್ತು. ಹುಟ್ಟಿದಾಗ ಇಟ್ಟ ಹೆಸರು ಹೋಗಿ, ಕೊಂಡವರು ಕೊಟ್ಟ ಹೆಸರು ಉಳೀತಿತ್ತು.

ಇದಕ್ಕೆ ಚೆನ್ನಾಗಿ ದಾಖಲಾದ ಉದಾಹರಣೆ ಅಹಮದ್‌ನಗರದ ಮಲಿಕ್ ಅಂಬರ್. ಇಥಿಯೋಪಿಯಾದಲ್ಲಿ ಹುಟ್ಟಿದವನು, ಹುಟ್ಟುಹೆಸರು ಚಾಪು ಎಂದು ಇತಿಹಾಸಕಾರರು ಬರೆಯುತ್ತಾರೆ. ಕೆಂಪು ಸಮುದ್ರ ದಾಟಿ, ಬಾಗ್ದಾದಿನ ವ್ಯಾಪಾರಿಯ ಕೈಗೆ ಸಿಕ್ಕಿ ಅಂಬರ್ ಆದ. ದಖ್ಖನಿಗೆ ಬಂದಾಗ ಅವನನ್ನು ಕೊಂಡವನು ನಿಜಾಮಶಾಹಿಯ ಪೇಶ್ವೆ ಚಂಗೀಜ್ ಖಾನ್. ಆ ಪೇಶ್ವೆಯೂ ಹಿಂದೆ ಗುಲಾಮನಾಗಿದ್ದ ಹಬ್ಶಿಯೇ. ಧಣಿ ಸತ್ತ ಮೇಲೆ ಬಿಡುಗಡೆಯಾದ ಅಂಬರ್ ಬಿಜಾಪುರದಲ್ಲೂ ಕೆಲಕಾಲ ಸೇವೆ ಮಾಡಿದ. 1626ರಲ್ಲಿ ತೀರಿಕೊಳ್ಳುವಾಗ ಅವನು ಮೊಗಲರನ್ನು ವರ್ಷಗಟ್ಟಲೆ ತಡೆದು ನಿಲ್ಲಿಸಿದ, ಒಂದು ರಾಜ್ಯವನ್ನೇ ನಡೆಸಿದ ವ್ಯಕ್ತಿ. ಅಲ್ ಹಬಶ್ ಅಂದರೆ ಅಬಿಸೀನಿಯಾ, ಇವತ್ತಿನ ಇಥಿಯೋಪಿಯಾದ ಸೀಮೆ. ಅದರಿಂದ ಹಬ್ಶಿ.

ಬಿಜಾಪುರದಲ್ಲಿ ಈ ಹೆಸರುಗಳು ಕಲ್ಲಿನ ಮೇಲೂ ಇವೆ. ಇಬ್ರಾಹಿಂ ರೋಜಾದ ಫಾರಸಿ ಬರಹದಲ್ಲಿ ಅದನ್ನು ಪೂರ್ತಿ ಮಾಡಿಸಿದ ಮಲಿಕ್ ಸಂದಲ್‌ನ ಹೆಸರಿದೆ. ಜಾಮಿ ಮಸೀದಿಯ ಬಂಗಾರದ ಮಿಹ್ರಾಬಿನಲ್ಲಿ ಯಾಕೂತ್ ಇದ್ದಾನೆ, ವರ್ಷ ಹಿಜರಿ 1045. (ಹೊಸಬರಿಗೆ: ಹಿಜರಿ ವರ್ಷ ಚಾಂದ್ರಮಾನ, 354 ದಿನದ್ದು. ಅದನ್ನು 0.97ರಿಂದ ಗುಣಿಸಿ 621.6 ಕೂಡಿಸಿದರೆ ಹೆಚ್ಚುಕಡಿಮೆ ಕ್ರಿ.ಶ. ಬರುತ್ತೆ. ಇಲ್ಲಿ 1635-36.) ಇವನನ್ನು ಯಾಕೂತ್ ದಾಬೂಲಿ ಅಂತಲೂ ಕರೀತಾರೆ. ದಾಬೂಲ್ ಅಂದರೆ ಕೊಂಕಣದ ದಾಭೋಳ, ಆದಿಲಶಾಹಿಗಳ ಬಂದರು. ಗಮನಿಸಿ, ಹೆಸರಿಗೆ ಅಂಟಿರುವುದು ಬಂದರಿನ ಊರು.

ಮಹಮ್ಮದ್ ಆದಿಲಶಾಹನ ಕಾಲದ (1627-1656) ಬಿಜಾಪುರದಲ್ಲಿ ಹಬ್ಶಿಗಳು ಮೂಲೆಯಲ್ಲಿದ್ದವರಲ್ಲ. ಅವನ ವಜೀರ ಇಖ್ಲಾಸ್ ಖಾನ್ ಹಬ್ಶಿ. ಸುಲ್ತಾನನ ಹಿಂದೆ ಒಂದೇ ಆನೆಯ ಮೇಲೆ ಅವನು ಕೂತಿರುವ ವರ್ಣಚಿತ್ರ ಜಗತ್ತಿನಾದ್ಯಂತ ಕಲಾಪುಸ್ತಕಗಳಲ್ಲಿ ಅಚ್ಚಾಗಿದೆ. ಆ ಇಖ್ಲಾಸ್ ಖಾನನ ಮೊದಲ ಹೆಸರೂ ಮಲಿಕ್ ರೈಹಾನ್! ಶಿರಾದ ರಿಹಾನ್ ಇದೇ ಸುಲ್ತಾನನ ಕಾಲದವನು. 1636ರಲ್ಲಿ ಬಿಜಾಪುರ ಮತ್ತು ಮೊಗಲ್ ಶಹಜಹಾನನ ನಡುವೆ ಒಪ್ಪಂದವಾಗಿ ಉತ್ತರದ ಗಡಿ ತಣ್ಣಗಾದ ಮೇಲೆ ಆದಿಲಶಾಹಿ ಸೈನ್ಯ ದಕ್ಷಿಣಕ್ಕೆ ತಿರುಗಿತು. ರಣದುಲ್ಲಾ ಖಾನ್ 1638ರ ಸುಮಾರಿಗೆ ಶಿರಾವನ್ನೂ ಬೆಂಗಳೂರನ್ನೂ ಗೆದ್ದ. ಆ ಹೊಸ ಆಡಳಿತದ ಸುಬೇದಾರರಲ್ಲಿ ಒಬ್ಬ ನಮ್ಮ ರಿಹಾನ್.

ಹೆಸರು ಎಷ್ಟು ಹೇಳುತ್ತೆ?

ಹಾಗಾದರೆ ಶಿರಾದ ಮಲಿಕ್ ರಿಹಾನ್ ಆಫ್ರಿಕಾದವನು ಅಂತ ಬರೆದುಬಿಡಬಹುದಾ? ಇಲ್ಲಿ ಸ್ವಲ್ಪ ನಿಲ್ಲಬೇಕು.

ನಾನು ಸಿವಿಲ್ ಎಂಜಿನಿಯರ್. ನಮ್ಮಲ್ಲಿ ಒಂದು ನಿಯಮ ಇದೆ: ಡ್ರಾಯಿಂಗಿನಲ್ಲಿ ಅಳತೆ ಬರೆದಿದ್ದರೆ ಅದನ್ನ ತಗೋ, ಬರೆದಿಲ್ಲ ಅಂದರೆ ಹಾಳೆಯ ಮೇಲೆ ಸ್ಕೇಲ್ ಇಟ್ಟು ಅಳೆದು ಕಂಬ ಎಬ್ಬಿಸಬೇಡ. ಶಾಸನ ಓದುವಾಗಲೂ ನಾನು ಇದನ್ನೇ ಪಾಲಿಸೋದು. ಬರೆದ ಅಳತೆ ಬೇರೆ, ನಾವು ಅಂದಾಜು ಮಾಡಿದ್ದು ಬೇರೆ.

ಮೊದಲನೇ ಎಚ್ಚರಿಕೆ ಮಲಿಕ್ ಕಾಫೂರನದು. 1311ರಲ್ಲಿ ದೋರಸಮುದ್ರದ ಮೇಲೆ ಬಂದು ಹೊಯ್ಸಳ ಮೂರನೇ ಬಲ್ಲಾಳನನ್ನು ಮಣಿಸಿದವನು. ಬಿರುದು ಮಲಿಕ್, ಹೆಸರು ಕರ್ಪೂರ, ಸಾವಿರ ದೀನಾರಿಗೆ ಕೊಂಡವನು ಎಂಬ ಅಡ್ಡಹೆಸರು ಬೇರೆ. ನಮ್ಮ ಪಟ್ಟಿಗೆ ಸರಿಯಾಗಿ ಹೊಂದುತ್ತಾನೆ. ಆದರೆ ಅವನು ಗುಜರಾತಿನ ಖಂಬಾತಿನಲ್ಲಿ ಸೆರೆಸಿಕ್ಕವನು, ಈ ದೇಶದವನೇ. ಅಂದರೆ ಸುಗಂಧದ ಹೆಸರು ಗುಲಾಮತನದ ಕಡೆಗೆ ಬೆರಳು ತೋರಿಸುತ್ತೆ, ಖಂಡದ ಕಡೆಗಲ್ಲ. ಖಂಡ ಹೇಳಬೇಕಾದರೆ 'ಹಬ್ಶಿ' ಎಂಬ ಮಾತು, ಚಿತ್ರ, ಇಲ್ಲವೇ ಸಮಕಾಲೀನ ಬರಹ ಬೇಕು. ಇಖ್ಲಾಸ್ ಖಾನನಿಗೆ ಇವೆಲ್ಲ ಇವೆ.

ಎರಡನೆಯದು, ಹೆಸರು ಒಂದೇ ಆದ ಮಾತ್ರಕ್ಕೆ ಮನುಷ್ಯ ಒಬ್ಬನೇ ಅಲ್ಲ. ವಜೀರ ರೈಹಾನನ ಚರಿತ್ರೆಯನ್ನು ಎತ್ತಿ ಶಿರಾದ ಗೋರಿಯ ಮೇಲೆ ಇಡುವುದು ಸುಲಭ. ಆದರೆ ಒಬ್ಬ ದರ್ಬಾರಿನ ವಜೀರ, ಇನ್ನೊಬ್ಬ ದೂರದ ಸೀಮೆಯ ಸುಬೇದಾರ. ಗಂಗರ ಕಾಲದ ಎಲ್ಲ ಎರೆಯಪ್ಪರನ್ನೂ ಒಬ್ಬನನ್ನಾಗಿ ಮಾಡಿದರೆ ಏನಾಗುತ್ತೆ ಅಂತ ಶಾಸನ ಓದುವವರಿಗೆ ಗೊತ್ತು.

ಮೂರನೆಯದು 'ಗುಲಾಮ' ಎಂಬ ಪದವೇ. ಜಾಮಿ ಮಸೀದಿಯ ಬರಹದಲ್ಲಿ ಯಾಕೂತ್ ಮಸೀದಿಯ ಸೇವಕ, ಸುಲ್ತಾನನ ಗುಲಾಮ ಎಂಬ ಅರ್ಥದ ಮಾತಿದೆ. ಇದನ್ನು ಅಕ್ಷರಶಃ ತಗೋಬೇಕಾ? ನಮ್ಮ ಶಾಸನಗಳಲ್ಲಿ ದೊಡ್ಡ ದೊಡ್ಡ ಮಹಾಮಂಡಳೇಶ್ವರರೂ 'ತತ್ಪಾದಪದ್ಮೋಪಜೀವಿ' ಅಂತಲೇ ಹೇಳಿಕೊಳ್ಳೋದು. ಪಾದಕಮಲದಲ್ಲಿ ಬದುಕುವವನು ಅಂದಮಾತ್ರಕ್ಕೆ ಅವನು ತೊತ್ತಲ್ಲ. ಫಾರಸಿಯ ಗುಲಾಮ ಪದಕ್ಕೂ ಇಂಥ ವಿನಯದ ಬಳಕೆ ಉಂಟು. ಯಾಕೂತನ ವಿಷಯದಲ್ಲಿ ಹೆಸರು, ಬಿರುದು, ಗುಲಾಮ ಪದ ಮೂರೂ ಒಂದೇ ದಿಕ್ಕಿಗೆ ತಿರುಗಿರುವುದರಿಂದ ವಾದ ಗಟ್ಟಿಯಾಗುತ್ತೆ. ಒಂದೊಂದನ್ನೇ ಹಿಡಿದರೆ ಆಗಲ್ಲ.

ಇಷ್ಟೆಲ್ಲ ತೂಗಿದ ಮೇಲೆ ಶಿರಾದ ಬಗ್ಗೆ ನಾನು ಹೇಳುವುದು ಇಷ್ಟು. ಮಲಿಕ್ ರಿಹಾನ್ ಎಂಬ ಹೆಸರಿನ ಕಟ್ಟು ದಖ್ಖನಿನ ಗುಲಾಮ ಅಧಿಕಾರಿಗಳ ಹೆಸರಿನ ಕಟ್ಟು. ಆ ಕಾಲದ ಬಿಜಾಪುರದಲ್ಲಿ ಅಂಥ ಹೆಸರು ಹೊತ್ತು ಮೇಲೆ ಬಂದವರಲ್ಲಿ ಹಬ್ಶಿಗಳು ಬಹಳ. ಹಾಗಾಗಿ ಅವನು ಆಫ್ರಿಕಾ ಮೂಲದವನಾಗಿರುವ ಸಂಭವ ಬಲವಾಗಿದೆ. ಇದನ್ನು ಸಂಭವ ಅಂತಲೇ ಬರೆಯಬೇಕು, ನಿಶ್ಚಯ ಅಂತ ಬರೆಯಬಾರದು. ಹಾಗಂತ ಬರೆಯದೇ ಬಿಡುವುದೂ ಸರಿಯಲ್ಲ. ಬಿಟ್ಟರೆ ಓದುವವರು 'ಮುಸ್ಲಿಂ ಅಧಿಕಾರಿ' ಎಂದಷ್ಟೇ ತಿಳಿದು ಮುಂದೆ ಹೋಗ್ತಾರೆ, ಸಮುದ್ರ ದಾಟಿ ಬಂದಿರಬಹುದಾದ ಬದುಕಿನ ಕಡೆ ಯಾರ ಗಮನವೂ ಹೋಗುವುದಿಲ್ಲ.

ಅದೇ ಊರಿನ ಇನ್ನೊಂದು ಕಸ್ತೂರಿ

ಶಿರಾವನ್ನು ಕಟ್ಟಲು ಶುರು ಮಾಡಿದವನು ರತ್ನಗಿರಿಯ ಪಾಳೇಗಾರ ರಂಗಪ್ಪ ನಾಯಕ. ಜನ ಇವತ್ತಿಗೂ ಕಸ್ತೂರಿ ರಂಗಪ್ಪ ನಾಯಕ ಅಂತ ಕರೆಯೋದು. ಕೋಟೆ ಮುಗಿಯುವ ಮೊದಲೇ ರಣದುಲ್ಲಾ ಖಾನನ ದಂಡು ಬಂತು. ಉಳಿದ ಕೆಲಸ ಮುಗಿಸಿದ್ದು ಬಿಜಾಪುರದ ಅಧಿಕಾರಿ ಮಲಿಕ್ ಹುಸೇನ್. ಕಸ್ತೂರಿಯ ಹೆಸರಿನವನು ಪಾಯ ಹಾಕಿದ ಊರಿನಲ್ಲಿ ಕಾಮಕಸ್ತೂರಿಯ ಹೆಸರಿನವನು ಮಣ್ಣಾಗಿದ್ದಾನೆ. ಕಾಕತಾಳೀಯ, ಅಷ್ಟೇ. ಆದರೆ ವ್ಯತ್ಯಾಸ ನೋಡಿ. ರಂಗಪ್ಪ ಎಂಬುದು ಮನೆದೇವರ ಹೆಸರು, ಮನೆಯವರೇ ಇಟ್ಟಿದ್ದು. ರಿಹಾನ್ ಎಂಬುದು ಬಹುಶಃ ಬೇರೆಯವರು ಇಟ್ಟಿದ್ದು.

ಹಾಗಾದರೆ ಬೇಡರ ಹೆಸರು ಶಾಸನಗಳಲ್ಲಿ ಸುರಕ್ಷಿತವಾಗಿದೆಯಾ? ಸ್ವಲ್ಪ ಹಿಂದಕ್ಕೆ, ವೀರಗಲ್ಲುಗಳ ಕಾಲಕ್ಕೆ ಹೋಗಬೇಕು.

ಬಿ.ಎಲ್. ರೈಸ್ ಅವರು 1904ರಲ್ಲಿ ತಂದ ಎಪಿಗ್ರಾಫಿಯಾ ಕರ್ನಾಟಿಕಾದ ಹನ್ನೆರಡನೇ ಸಂಪುಟ ನಮ್ಮ ತುಮಕೂರು ಜಿಲ್ಲೆಯದು. ನಾನು ಹಳಗನ್ನಡ ಲಿಪಿ ಕಲಿತದ್ದು ಅದರ ನೆರಳಚ್ಚು ಪ್ರತಿ ಇಟ್ಟುಕೊಂಡೇ, ಗುರುಗಳಿಲ್ಲದೆ. ಕರ್ನಾಟಕದ ವೀರಗಲ್ಲು ಶಾಸನಗಳನ್ನು ಓದುತ್ತಾ ಹೋದರೆ ತುರುಗೊಳ್, ಊರಳಿವು, ಪೆಣ್ಬುಯ್ಯಲ್, ಗಡಿಕಾಳಗ ಎಂಬ ಮಾತುಗಳು ಮತ್ತೆ ಮತ್ತೆ ಬರ್ತವೆ. ದನ ಹೊಡೆದುಕೊಂಡು ಹೋದವರು, ಅಡ್ಡ ನಿಂತು ಸತ್ತವನು, ಅವನ ಮಕ್ಕಳಿಗೆ ಬಿಟ್ಟ ಮಣ್ಣು, ಕಲ್ಲು ನಿಲ್ಲಿಸಿದವರು. ಸತ್ತವನಿಗೆ ಹೆಸರಿರುತ್ತೆ, ಅವನಪ್ಪನಿಗೂ ಇರುತ್ತೆ. ದನ ಹೊಡೆದವರು? ಹಲವು ಕಡೆ 'ಬೇಡರು' ಅಂತ ಒಂದೇ ಮಾತು. ಆತಕೂರಿನ ಹತ್ತನೇ ಶತಮಾನದ ಕಲ್ಲಿನಲ್ಲಿ ಹಂದಿಯ ಜೊತೆ ಕಾದಾಡಿ ಸತ್ತ ನಾಯಿಗೂ ಹೆಸರಿದೆ, ಕಾಳಿ ಅಂತ. ತುರುಗೊಳ್ ಕಲ್ಲಿನ ಬೇಡರಿಗೆ ಇಲ್ಲ.

ಇದರಲ್ಲಿ ಆಶ್ಚರ್ಯವೇನೂ ಬೇಡ. ವೀರಗಲ್ಲು ಗೆದ್ದ ಊರಿನದು, ದನ ಉಳಿಸಿಕೊಂಡವರದು. ಕಲ್ಲು ನಿಲ್ಲಿಸಲು ಹೊಲ ಬೇಕು, ಮಾನ್ಯ ಬಿಡಲು ಮಣ್ಣು ಬೇಕು, ಬರೆಯಲು ಸೇನಬೋವ ಬೇಕು. ಕಾಡಂಚಿನಲ್ಲಿ ಬೇಟೆಯಾಡಿ ಬದುಕುವವರ ಹತ್ತಿರ ಈ ಮೂರೂ ಇರಲಿಲ್ಲ. ಅವರ ಕಡೆಯೂ ಸತ್ತವರಿದ್ದರು, ಅವರಿಗಾಗಿ ಅತ್ತವರಿದ್ದರು. ಆ ಲೆಕ್ಕವನ್ನ ಯಾರೂ ಕಲ್ಲಿಗೆ ಹಾಕಲಿಲ್ಲ.

ವಿಜಯನಗರದ ಕಾಲಕ್ಕೆ ಬಂದರೆ ಚಿತ್ರ ತಿರುಗಿಬಿಡುತ್ತೆ. ಅದೇ ಜನರಲ್ಲಿ ಹಲವರು ನಾಯಕರಾಗಿ, ಪಾಳೇಗಾರರಾಗಿ, ಕೆರೆ ಕಟ್ಟಿಸಿದವರಾಗಿ, ದೇವಸ್ಥಾನಕ್ಕೆ ದತ್ತಿ ಬಿಟ್ಟವರಾಗಿ ಹೆಸರು ಸಮೇತ ಕಾಣಿಸಿಕೊಳ್ತಾರೆ. ಚಿತ್ರದುರ್ಗ, ಸುರಪುರ, ರತ್ನಗಿರಿ ಎಲ್ಲ ಈ ಸಾಲಿನವು. ಈಗ ವ್ಯಕ್ತಿಯ ಹೆಸರು ಬಂತು, ಆದರೆ 'ಬೇಡ' ಎಂಬ ಮಾತು ಹಿಂದೆ ಸರಿದು 'ನಾಯಕ' ಮುಂದೆ ಬಂತು. ಇಲ್ಲೂ ಮಲಿಕ್ ಕಾಫೂರನಂಥ ಎಚ್ಚರಿಕೆ ಬೇಕು. ನಾಯಕ ಎಂಬುದು ಬಿರುದು, ಎಲ್ಲ ನಾಯಕರೂ ಬೇಡರಲ್ಲ. ಕೆಳದಿಯ ನಾಯಕರು ವೀರಶೈವರು. ಬರೀ 'ನಾಯಕ' ಪದ ನೋಡಿ ಕುಲ ಹೇಳುವುದು, ಬರೀ 'ಮಲಿಕ್' ನೋಡಿ ಖಂಡ ಹೇಳುವುದು, ಎರಡೂ ಒಂದೇ ದಾರಿಯ ಅವಸರ.

ಹೀಗೆ ಪಕ್ಕಪಕ್ಕ ಇಟ್ಟಾಗ ನನಗೆ ಕಂಡದ್ದು ಇದು. ವೀರಗಲ್ಲಿನ ಬೇಡನಿಗೆ ಕುಲವಿದೆ, ಹೆಸರಿಲ್ಲ. ಗೋರಿಯ ರಿಹಾನನಿಗೆ ಹೆಸರಿದೆ, ಕುಲವಿಲ್ಲ. ಒಬ್ಬನನ್ನು ಹಗೆಯ ಗುಂಪಾಗಿ ನೋಡಿದವರು ಕಲ್ಲು ಬರೆಸಿದರು, ಇನ್ನೊಬ್ಬನನ್ನು ಅರಮನೆಯ ಆಳಾಗಿ ಕೊಂಡವರು ಹೆಸರಿಟ್ಟರು. ಇಬ್ಬರದ್ದೂ ಅರ್ಧರ್ಧ ದಾಖಲೆ. ಯಾವ ಅರ್ಧ ಉಳಿಯಬೇಕು ಅನ್ನೋದನ್ನ ತೀರ್ಮಾನ ಮಾಡಿದವರು ಅವರಲ್ಲ.

ಹೊಳೆಯ ನಡುವೆ ಹೊಸ ಹೆಸರು

ಈ ಎರಡು ಕಥೆಗಳೂ ಹದಿನೆಂಟನೇ ಶತಮಾನದಲ್ಲಿ ಒಂದು ಕಡೆ ಸೇರುತ್ತವೆ. ಆ ಜಾಗ ಶಿರಾದಿಂದ ದಕ್ಷಿಣಕ್ಕೆ ಬಹಳ ದೂರ, ಕಾವೇರಿಯ ನಡುವಿನ ಶ್ರೀರಂಗಪಟ್ಟಣ.

1686ರಲ್ಲಿ ಬಿಜಾಪುರ ಬಿದ್ದು, ಮರುವರ್ಷ ಶಿರಾ ಮೊಗಲರ ಸುಬಾದ ಮುಖ್ಯ ಪಟ್ಟಣವಾಯಿತು. ದಿಲಾವರ್ ಖಾನನ ಕಾಲದಲ್ಲಿ ಊರಲ್ಲಿ 50,000 ಮನೆಗಳಿದ್ದವು ಎಂಬ ಮಾತು ಉಳಿದಿದೆ. ಎಣಿಸಿದ ಲೆಕ್ಕವಲ್ಲ, ಊರಿನ ಹೆಮ್ಮೆಯ ಲೆಕ್ಕ. 1761ರಲ್ಲಿ ಹೈದರ್ ಅಲಿಯ ಕೈಸೇರಿತು. ಮುಂದೆ ಟಿಪ್ಪು ಶ್ರೀರಂಗಪಟ್ಟಣದ ದ್ವೀಪದಲ್ಲಿ ಶಹರ್ ಗಂಜಾಂ ಎಂಬ ಪೇಟೆ ಕಟ್ಟಿಸಿದಾಗ ಅದಕ್ಕೆ ಜನ ತುಂಬಲು ಶಿರಾದಿಂದ 12,000 ಕುಟುಂಬಗಳನ್ನು ಬಲವಂತವಾಗಿ ಸಾಗಿಸಿದ ಎಂದು ರೈಸ್ ಬರೆಯುತ್ತಾರೆ. ಶಿರಾ ಮತ್ತೆ ಆ ಮಟ್ಟಕ್ಕೆ ಏಳಲಿಲ್ಲ.

ಅದಕ್ಕೂ ಮೊದಲೇ, 1779ರಲ್ಲಿ, ಹೈದರ್ ಚಿತ್ರದುರ್ಗವನ್ನು ಗೆದ್ದ. ದುರ್ಗದ ಬೇಡರು 20,000 ಜನರನ್ನು ಶ್ರೀರಂಗಪಟ್ಟಣದ ದ್ವೀಪಕ್ಕೆ ಓಡಿಸಿದ ವಿಷಯ ಮಾರ್ಕ್ ವಿಲ್ಕ್ಸ್ ಬರೆದ ಮೈಸೂರು ಇತಿಹಾಸದಲ್ಲಿದೆ. ಅವರಲ್ಲಿ ತಕ್ಕ ವಯಸ್ಸಿನ ಹುಡುಗರನ್ನು ಆರಿಸಿ, ಮತ ಬದಲಿಸಿ, ಕವಾಯತು ಕಲಿಸಿ ದಳಗಳನ್ನು ಕಟ್ಟಿದರು. ಆ ದಳಗಳಿಗೆ ಇಟ್ಟ ಹೆಸರು 'ಚೇಲ'.

ಈ ಪದದ ಹಿಂದೆಯೂ ಒಂದು ಚರಿತ್ರೆ ಇದೆ. ಚೇಲ ಅಂದರೆ ಶಿಷ್ಯ. ಅಕ್ಬರ್ ತನ್ನ ಗುಲಾಮರನ್ನು ಗುಲಾಮ ಅನ್ನುವುದು ಬೇಡ, ಚೇಲ ಅನ್ನಿ ಅಂತ ಮಾಡಿದ್ದ. ಅಂದರೆ ಇದು ಗುಲಾಮತನಕ್ಕೆ ಹೊದಿಸಿದ ಮೃದುವಾದ ಹೆಸರು. ಕನ್ನಡದಲ್ಲಿ ನಾವು ಇವತ್ತು 'ಅವನ ಚೇಲ ಕಣಯ್ಯ' ಅಂತ ಹಗುರವಾಗಿ ಆಡುವ ಮಾತು. ದುರ್ಗದ ಹುಡುಗರ ಮೇಲೆ ಅದು ಹಗುರವಾಗಿ ಬಿದ್ದಿರಲಾರದು.

ರಾಜನಿಗಾಗಿಯೇ ಬದುಕಿ ಸಾಯುವ ಆಳುಗಳ ಪದ್ಧತಿ ನಮ್ಮಲ್ಲಿ ಹಿಂದೆಯೂ ಇತ್ತು, ಹೊಯ್ಸಳರ ಕಾಲದ ಲೆಂಕರು, ಗರುಡರು ಇಲ್ಲವೇ? ಆದರೆ ಅವರು ತಮ್ಮ ಹೆಸರಿನಲ್ಲೇ, ತಮ್ಮ ಮನೆಯವರ ನಡುವೆಯೇ ಆಣೆ ಮಾಡಿದವರು. ಹಳೇಬೀಡಿನ ಕುವರ ಲಕ್ಷ್ಮನ ಕಂಬದಲ್ಲಿ ಅವನ ಹೆಸರು ಇವತ್ತಿಗೂ ಓದಲು ಸಿಗುತ್ತೆ. ಚೇಲ ಪದ್ಧತಿಯ ತರ್ಕ ಬೇರೆ. ಊರಿನಿಂದ ಕಿತ್ತು, ಬಂಧುಗಳಿಂದ ಬಿಡಿಸಿ, ಹೆಸರು ಬದಲಿಸಿದರೆ ಆ ಹುಡುಗನಿಗೆ ಧಣಿಯ ಹೊರತು ಬೇರೆ ದಿಕ್ಕಿರಲ್ಲ. ನೂರಾರು ವರ್ಷ ಆಫ್ರಿಕಾದ ಹುಡುಗರನ್ನು ಸಮುದ್ರ ದಾಟಿಸಿ ಅಂಬರ್, ರೈಹಾನ್ ಮಾಡಿದ್ದೂ ಇದೇ ತರ್ಕದ ಮೇಲೆ. ಹೈದರನ ಕಾಲಕ್ಕೆ ಅದೇ ಅಚ್ಚಿನಲ್ಲಿ ಬೇಡರ ಹುಡುಗರನ್ನು ಎರಕ ಹೊಯ್ದರು. ರಿಹಾನನ ಪಾಡು ಹೀಗೆ ನೂರು ಚಿಲ್ಲರೆ ವರ್ಷದ ಮೇಲೆ ಈ ನೆಲದ ಮಕ್ಕಳ ಪಾಡೂ ಆಯಿತು.

ಇದನ್ನು ಒಂದು ಮತದ ಮೇಲಿನ ದೂರಾಗಿ ಓದಬೇಡಿ. ಗೆದ್ದ ಊರಿನ ಜನರನ್ನು ಎಬ್ಬಿಸಿ ತನ್ನ ಪೇಟೆಗೆ ತುಂಬುವುದು ಆ ಕಾಲದ ರಾಜ್ಯನೀತಿ. ಹೈದರ್, ಟಿಪ್ಪು ಇಬ್ಬರೂ ಅದನ್ನು ದೊಡ್ಡ ಪ್ರಮಾಣದಲ್ಲಿ ಮಾಡಿದರು, ಕೊಡಗಿನವರ ಮೇಲೂ ಮಂಗಳೂರಿನ ಕ್ರೈಸ್ತರ ಮೇಲೂ ಮಾಡಿದರು. ಟಿಪ್ಪು ಎತ್ತಿಸಿದ ಶಿರಾದ ಕುಟುಂಬಗಳೇನೂ ಹಗೆಯ ಊರಿನವರಲ್ಲ, ಅಷ್ಟು ಹೊತ್ತಿಗೆ ಮೈಸೂರಿನ ಪ್ರಜೆಗಳೇ ಆಗಿದ್ದವರು.

ಶ್ರೀರಂಗಪಟ್ಟಣದಲ್ಲಿ ದರಿಯಾ ದೌಲತ್ ಬಾಗ್ ಇದೆಯಲ್ಲ, 1784ರದು, ಹೊಳೆಯ ಮಗ್ಗುಲಲ್ಲಿ, ತೋಟದ ನಡುವೆ. ಈಗ ಪುರಾತತ್ವ ಇಲಾಖೆಯ ವಸ್ತುಸಂಗ್ರಹಾಲಯ. ಹೊರಗೋಡೆಯ ಮೇಲೆ 1780ರ ಪೊಲ್ಲಿಲೂರು ಕಾಳಗದ ದೊಡ್ಡ ಚಿತ್ರ. ಹೈದರ್, ಟಿಪ್ಪು, ಪಲ್ಲಕ್ಕಿಯಲ್ಲಿ ಗಾಯಗೊಂಡ ಕರ್ನಲ್ ಬೇಲಿ, ಇವರನ್ನೆಲ್ಲ ಗೈಡುಗಳು ಕೋಲು ತೋರಿಸಿ ಹೇಳ್ತಾರೆ. ಅವರ ಸುತ್ತ ಸಾಲು ಸಾಲಾಗಿ ಒಂದೇ ಥರದ ಉಡುಪಿನ ಸಿಪಾಯಿಗಳು. ದುರ್ಗ ಬಿದ್ದ ಮರುವರ್ಷದ ಕಾಳಗ ಇದು. ಆ ಮುಖಗಳನ್ನು ನೋಡುವಾಗ ಗಂಜಾಂ ಅಲ್ಲೇ ಪಕ್ಕದಲ್ಲಿದೆ, ಶಿರಾ ಮತ್ತು ದುರ್ಗದಿಂದ ಬಂದವರು ಉಂಡು ಮಲಗಿದ ನೆಲ ಇದೇ ಅನ್ನೋದು ನೆನಪಾದರೆ ಚಿತ್ರ ಬೇರೆ ಥರ ಕಾಣುತ್ತೆ. ಒಬ್ಬೊಬ್ಬ ಸಿಪಾಯಿ ಯಾರು ಅಂತ ಚಿತ್ರದಿಂದ ಹೇಳಲಾಗದು, ಹೇಳಲೂಬಾರದು. ಆದರೆ ಈ ದ್ವೀಪದಲ್ಲಿ ಯಾರಿದ್ದರು ಅಂತ ಹೇಳಬಹುದು, ಅದಕ್ಕೆ ಬರಹದ ಆಧಾರ ಇದೆ.

ಒಂದೇ ಕಾಯಿದೆಯಲ್ಲಿ ಎರಡು ಹೆಸರು

ಹಳೆಯ ಹೆಸರು ತಗೊಂಡು ಏನು ಮಾಡ್ತೀರಿ ಸಾರ್ ಅಂತ ಸೈಟಿನಲ್ಲಿ ನನ್ನ ಜೊತೆಯವರು ಕೇಳ್ತಾರೆ. ನಾನು ಅವರಿಗೆ ಕೊಡುವ ಉತ್ತರ ತಾಲ್ಲೂಕು ಕಚೇರಿಯದು.

ಕರ್ನಾಟಕದ ಸಿದ್ದಿಗಳು ಬಹುಪಾಲು ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ ಕಡೆಯ ಕಾಡಂಚಿನವರು. ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಮತದವರಿದ್ದಾರೆ. ಅವರ ಪೂರ್ವಿಕರಲ್ಲಿ ಬಹಳ ಮಂದಿ ಬಂದದ್ದು ಪೋರ್ಚುಗೀಸರ ಗೋವಾದ ದಾರಿಯಿಂದ, ಅಲ್ಲಿಂದ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರು. ಶಿರಾದ ರಿಹಾನನ ದಾರಿ ಬೇರೆ, ಅದು ದರ್ಬಾರಿನ ದಾರಿ. ಒಬ್ಬರಿಂದ ಇನ್ನೊಬ್ಬರು ಬಂದರು ಅಂತ ನಾನು ಹೇಳ್ತಿಲ್ಲ. ಆದರೆ ಎರಡೂ ದಾರಿ ಶುರುವಾದದ್ದು ಒಂದೇ ವ್ಯಾಪಾರದಿಂದ.

ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ. ನಾಯಕ, ಬೇಡ, ವಾಲ್ಮೀಕಿ ಹೆಸರುಗಳು ಸೇರಿದ್ದು 1991ರಲ್ಲಿ. 2020ರಲ್ಲಿ ಪಾರ್ಲಿಮೆಂಟು ಕರ್ನಾಟಕದ ಪಟ್ಟಿಗೆ ತಿದ್ದುಪಡಿ ತಂತು. ಆ ಒಂದೇ ಕಾಯಿದೆಯಲ್ಲಿ ನಾಯಕರ ಜೊತೆ ಪರಿವಾರ, ತಳವಾರ ಹೆಸರುಗಳು ಸೇರಿದವು, ಮತ್ತು ಸಿದ್ದಿಗಳ ಪಟ್ಟಿ ಬೆಳಗಾವಿ, ಧಾರವಾಡ ಜಿಲ್ಲೆಗಳಿಗೂ ವಿಸ್ತಾರವಾಯಿತು. ಅದೇ ವರ್ಷ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡರು, ಸಿದ್ದಿ ಸಮುದಾಯದಿಂದ ಶಾಸನಸಭೆಗೆ ಹೋದ ಮೊದಲಿಗರು.

ತಳವಾರ ಅಂದರೆ ಊರು ಕಾಯುವವನು, ಶಾಸನಗಳಲ್ಲಿ ಸಿಗುವ ತಳಾರ ಇವನೇ. ಹುದ್ದೆಯ ಹೆಸರು ಕುಲದ ಹೆಸರಾಗಿ, ಅದು ನಾಯಕರದೇ ಇನ್ನೊಂದು ಹೆಸರು ಅಂತ ಸಾಬೀತು ಮಾಡಲು ಎಷ್ಟೋ ವರ್ಷ ಹಿಡೀತು. ಒಂದು ಅಕ್ಷರ ಆಚೀಚೆ ಆದರೆ ಪ್ರಮಾಣಪತ್ರ ಸಿಗಲ್ಲ, ಪ್ರಮಾಣಪತ್ರ ಇಲ್ಲದಿದ್ದರೆ ಹುಡುಗಿಯ ಹಾಸ್ಟೆಲ್ ಸೀಟು ಹೋಗುತ್ತೆ. ದಾಖಲೆಯಲ್ಲಿ ಹೆಸರನ್ನು ಯಾರು ಬರೆದರು, ಹೇಗೆ ಬರೆದರು ಅನ್ನೋದು ಹಳೆಯ ಕಥೆಯಲ್ಲ, ಈಗಲೂ ಕೌಂಟರಿನ ಮುಂದೆ ನಡೀತಿರುವ ಕಥೆ. 'ಶಾಸನದಲ್ಲಿ ಇಲ್ಲ' ಅನ್ನುವ ಮಾತನ್ನು ನಾವು ಶಾಸನ ಓದುವವರು ಅದಕ್ಕೇ ತೂಗಿ ಆಡಬೇಕು. ಶಾಸನದಲ್ಲಿ ಇಲ್ಲ ಅಂದರೆ ಕಲ್ಲು ಬರೆಸಿದವನು ಹೇಳಲಿಲ್ಲ ಅಂತ ಅರ್ಥ, ಜನ ಇರಲಿಲ್ಲ ಅಂತಲ್ಲ.

ಫಲಕದಲ್ಲಿ ಏನಿರಬೇಕು

ಸ್ಮಾರಕಗಳ ಮುಂದೆ, ಸಂಗ್ರಹಾಲಯಗಳ ಒಳಗೆ ಹಾಕುವ ಫಲಕಗಳು ಸಾಮಾನ್ಯವಾಗಿ ಕಟ್ಟಿಸಿದವನ ಹೆಸರು, ವರ್ಷ, ಶೈಲಿ ಹೇಳ್ತವೆ. ಅದು ಬೇಕು. ಅದರ ಜೊತೆ ಇನ್ನೆರಡು ಸಾಲು ಸೇರಿಸಲು ಖರ್ಚೇನೂ ಹೆಚ್ಚಿಲ್ಲ. ನಾನು ಬರೆದರೆ ಹೀಗೆ ಬರೆಯುತ್ತೇನೆ.

ಶಿರಾ ದರ್ಗಾಕ್ಕೆ: "ಮಲಿಕ್ ರಿಹಾನ್, ಬಿಜಾಪುರದ ಆದಿಲಶಾಹಿ ಸುಬೇದಾರ. ಗೋರಿಯ ಕಾಲ 1651. ರಿಹಾನ್ ಎಂದರೆ ಕಾಮಕಸ್ತೂರಿ. ಇಂಥ ಸುಗಂಧದ ಹೆಸರುಗಳನ್ನು ಆ ಕಾಲದಲ್ಲಿ ಕೊಂಡು ತಂದ ಗುಲಾಮರಿಗೆ ಇಡುತ್ತಿದ್ದರು. ಅವರಲ್ಲಿ ಅನೇಕರು ಆಫ್ರಿಕಾದವರು, ಹಲವರು ದೊಡ್ಡ ಅಧಿಕಾರಕ್ಕೆ ಏರಿದರು. ಇವನೂ ಅವರಲ್ಲೊಬ್ಬನಾಗಿರುವ ಸಂಭವವಿದೆ."

ಶಿರಾ ಕೋಟೆಗೆ: "ರತ್ನಗಿರಿಯ ಬೇಡ ಪಾಳೇಗಾರ ರಂಗಪ್ಪ ನಾಯಕ ಕಟ್ಟಲು ತೊಡಗಿದ ಕೋಟೆ, ಮಲಿಕ್ ಹುಸೇನ್ ಮುಗಿಸಿದ. ಈ ಊರಿನ 12,000 ಕುಟುಂಬಗಳನ್ನು ಟಿಪ್ಪುವಿನ ಕಾಲದಲ್ಲಿ ಶ್ರೀರಂಗಪಟ್ಟಣದ ಗಂಜಾಂಗೆ ಸಾಗಿಸಲಾಯಿತು."

ಶ್ರೀರಂಗಪಟ್ಟಣಕ್ಕೆ: "ಈ ದ್ವೀಪದಲ್ಲಿ ಶಿರಾದಿಂದ, ಚಿತ್ರದುರ್ಗದಿಂದ ಬಲವಂತವಾಗಿ ತಂದ ಜನ ವಾಸವಾಗಿದ್ದರು. ದುರ್ಗದ ಬೇಡರ ಹುಡುಗರಿಂದ ಚೇಲ ದಳಗಳನ್ನು ಕಟ್ಟಲಾಯಿತು."

ಕೋಟೆ ನಾಯಕರದು, ದರ್ಗಾ ಸಾಬರದು, ಅರಮನೆ ಸುಲ್ತಾನರದು ಅಂತ ಊರನ್ನು ತುಂಡು ತುಂಡು ಮಾಡಿ ಹಂಚಿಕೊಳ್ಳುವ ಮಾತು ಈಚೆಗೆ ಕಿವಿಗೆ ಹೆಚ್ಚು ಬೀಳ್ತಿದೆ. ಈ ಮೂರು ಫಲಕಗಳನ್ನು ಒಂದರ ಪಕ್ಕ ಒಂದು ಓದಿದ ಮಕ್ಕಳಿಗೆ ಮೂರೂ ಒಂದೇ ಕಥೆಯ ಭಾಗ ಅಂತ ತಿಳಿಯುತ್ತೆ.

ಕೊನೆಗೆ ಶಾಸನ ಓದುವ ಗೆಳೆಯರಲ್ಲಿ ಒಂದು ಕೋರಿಕೆ. ತುರುಗೊಳ್ ವೀರಗಲ್ಲು ಸಿಕ್ಕಾಗ ಸತ್ತ ವೀರನ ಹೆಸರು, ಕಾಲ, ಲಿಪಿ ಗುರುತು ಹಾಕಿಕೊಳ್ಳುವ ಹಾಗೆಯೇ ಎದುರಾಳಿಯನ್ನು ಯಾವ ಪದದಿಂದ ಕರೆದಿದ್ದಾರೆ ಅನ್ನೋದನ್ನೂ ಬೇರೆ ಕಾಲಮ್ಮಿನಲ್ಲಿ ಬರೆದುಕೊಳ್ಳಿ. ಕೆಳಗಿನ ಪಟ್ಟಿಕೆಯಲ್ಲಿ ಬಿಲ್ಲು ಹಿಡಿದು ಎದುರು ನಿಂತವರ ಶಿಲ್ಪ ಇದ್ದರೆ ಅದರದೂ ಒಂದು ಫೋಟೋ ತೆಗೆಯಿರಿ, ವೀರನದು ಮಾತ್ರ ಸಾಲದು. ಫಾರಸಿ ಬಲ್ಲವರು ನಮ್ಮ ಜಿಲ್ಲೆಯ ಗೋರಿ, ಮಸೀದಿ ಬರಹಗಳಲ್ಲಿ ಬರುವ ಮಲಿಕ್‌ಗಳ, ಸಿದ್ದಿಗಳ ಹೆಸರನ್ನು ಪಟ್ಟಿ ಮಾಡಿಕೊಟ್ಟರೆ ದೊಡ್ಡ ಉಪಕಾರ. ನಾನು ಪಾವಗಡ ತಾಲ್ಲೂಕಿನಿಂದ ಶುರು ಮಾಡಿದ್ದೇನೆ. ಹಾಳೆಯ ಮೊದಲ ಸಾಲಿನಲ್ಲಿ ನಮ್ಮೂರಿನ ಹೆಸರನ್ನು ಎರಡಕ್ಷರಕ್ಕೆ ಇಳಿಸದೆ, ಪೂರ್ತಿಯಾಗಿ ಬರೆದಿದ್ದೇನೆ.